ಉಸಿರೆಳೆದುಕೋ ಎಂದವರೆಲ್ಲ

ನನಗೆ ಉಬ್ಬಸ ಇದೆಯೆಂದು ಗೊತ್ತಾದವರೆಲ್ಲ ಒಂದಲ್ಲ ಒಂದು ಸಲಹೆ ಕೊಟ್ಟಿದ್ದಾರೆ. ಕಷಾಯ ಹೇಳಿದವರುಂಟು, ಹರಕೆ ಹೇಳಿದವರುಂಟು, ಬಾಳೆಹಣ್ಣು ಮುಟ್ಟುವುದಿಲ್ಲ ಎಂದು ಆಣೆ ಹಾಕಿಸಿಕೊಂಡವರೂ ಉಂಟು. ಯಾರು ಏನೇ ಹೇಳಲಿ, ಕೊನೆಗೆ ಎಲ್ಲರ ಬಾಯಲ್ಲೂ ಬರುತ್ತಿದ್ದದ್ದು ಒಂದೇ ಮಾತು: "ಚೆನ್ನಾಗಿ ಉಸಿರೆಳ್ಕೊ, ಎಲ್ಲಾ ಸರಿಯಾಗುತ್ತೆ." ಹೇಳಿ ಸುಮ್ಮನಾಗುತ್ತಿರಲಿಲ್ಲ, ತಾವೇ ಒಂದು ಸಲ ಎದೆಯುಬ್ಬಿಸಿ ಎಳೆದು ತೋರಿಸುತ್ತಿದ್ದರು. ಅವರಿಗೆ ಅದು ಅಷ್ಟು ಸಲೀಸಾಗಿ ಬರುವುದನ್ನು ನೋಡಿ ನನಗೆ ಒಳಗೊಳಗೇ ಉರಿಯುತ್ತಿತ್ತು.

ಈಗ ಉರಿಯುವುದಿಲ್ಲ. ಆ ಮಾತು ನನ್ನ ಎದೆಯ ಮಟ್ಟಿಗೆ ತಪ್ಪಾಗಿತ್ತು ಎಂದು ತಿಳಿದ ಮೇಲೆಯೇ ಅವರ ಮೇಲಿನ ಪ್ರೀತಿ ಹೆಚ್ಚಾದದ್ದು. ವಿಚಿತ್ರ ಅನ್ನಿಸಬಹುದು. ಹೇಳಬೇಕೆಂದರೆ ಬಸ್ಸಿನಿಂದಲೇ ಶುರು ಮಾಡಬೇಕು.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ಹೆಚ್ಚಾಗಿ ಗುಂಡ್ಲುಪೇಟೆ, ಚಾಮರಾಜನಗರದ ನಡುವೆ ಓಡಾಟ. ಒಮ್ಮೊಮ್ಮೆ ಹಂಗಳದ ಕಡೆ, ಜನ ಜಾಸ್ತಿಯಾದ ದಿನ ಗೋಪಾಲಸ್ವಾಮಿ ಬೆಟ್ಟಕ್ಕೆ. ಚಿಕ್ಕಂದಿನಲ್ಲಿ ನನ್ನನ್ನು ಮನೆಯಿಂದ ಆಚೆಗೇ ಬಿಡುತ್ತಿರಲಿಲ್ಲ. ಥಂಡಿ ಗಾಳಿಗೆ ಬೇಡ, ಧೂಳಿಗೆ ಬೇಡ, ಓಡಬೇಡ, ಹಾರಬೇಡ. ಜಗಲಿಯ ಮೇಲೆ ಕೂತು ಬೇರೆ ಮಕ್ಕಳು ಕುಂಟೆಬಿಲ್ಲೆ ಆಡುವುದನ್ನು ನೋಡುವುದೇ ನನ್ನ ಆಟ. ಬೆಳೆಯುತ್ತಾ ಉಬ್ಬಸ ತಾನಾಗಿಯೇ ತಗ್ಗಿತು. ಕೆಲಸಕ್ಕೆ ಸೇರುವ ಹೊತ್ತಿಗೆ ಅದು ನನ್ನನ್ನು ಬಿಟ್ಟೇ ಹೋಯಿತು ಎಂದುಕೊಂಡಿದ್ದೆ. ಹೆಗಲಿಗೆ ಚೀಲ ಹಾಕಿ ಬಸ್ಸಿನ ಬಾಗಿಲಲ್ಲಿ ನಿಂತ ಮೊದಲ ದಿನ, ಇಷ್ಟು ವರ್ಷ ನೋಡದೆ ಉಳಿದ ರಸ್ತೆಯನ್ನೆಲ್ಲ ಬಡ್ಡಿ ಸಮೇತ ನೋಡುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಆಸೆಬುರುಕಿ ಎಂದರೆ ಅನ್ನಲಿ.

ಮದುವೆಯಾಗಿ ಭೀಮನಬೀಡಿಗೆ ಬಂದೆ. ಗಂಡನ ಮನೆಯಲ್ಲಿ ಅರಿಶಿನದ ಬೇಸಾಯ. ಅರಿಶಿನ ಅಗೆದ ಮೇಲೆ ಬೇಯಿಸಬೇಕು, ಒಣಗಿಸಬೇಕು, ಆಮೇಲೆ ಡ್ರಮ್ಮಿಗೆ ಹಾಕಿ ತಿರುಗಿಸಿ ಪಾಲಿಶ್ ಮಾಡಬೇಕು. ಆಗ ಏಳುವ ಹಳದಿ ಧೂಳು ಸೀರೆಯ ನೆರಿಗೆ, ಅನ್ನದ ತಟ್ಟೆ, ಮಗುವಿನ ರೆಪ್ಪೆ ಒಂದನ್ನೂ ಬಿಡುವುದಿಲ್ಲ. ನನ್ನ ಎದೆಯನ್ನೂ ಬಿಡಲಿಲ್ಲ. ಬಿಟ್ಟು ಹೋದೆ ಎಂದು ಹೇಳಿ ಬಾಗಿಲ ಸಂದಿಯಲ್ಲೇ ನಿಂತಿದ್ದ ನೆಂಟನ ಹಾಗೆ ಉಬ್ಬಸ ವಾಪಸು ಬಂತು.

ಕೆಲಸದಲ್ಲಿ ಅದನ್ನು ಮೊದಲು ಹಿಡಿದುಕೊಟ್ಟದ್ದು ಸೀಟಿ. ಕಂಡಕ್ಟರ್ ಒಂದು ಸೀಟಿ ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲೆ ನಮ್ಮ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಇಷ್ಟು ಜನರ ಮಾತು, ನಗು, ಜಗಳ ದಾಟಿ ಸೀಟಿ ಮುಂದಿನ ಡ್ರೈವರ್ ಕಿವಿಗೆ ಬೀಳಬೇಕೆಂದರೆ ಎದೆ ತುಂಬ ಗಾಳಿ ಎಳೆದು ಊದಬೇಕು. ಸ್ಟಾಪಿಗೊಂದು ಸಲ ಹಾಗೆ ಎಳೆದೂ ಎಳೆದೂ ಮಧ್ಯಾಹ್ನದ ಹೊತ್ತಿಗೆ ಬಾಯಲ್ಲೊಂದು ಸೀಟಿಯಾದರೆ ಎದೆಯೊಳಗೆ ಇನ್ನೊಂದು ಶುರುವಾಗುತ್ತಿತ್ತು. ಎಳೆದದ್ದು ಸಾಲದೇನೋ ಎಂದು ಮುಂದಿನ ಸ್ಟಾಪಿನಲ್ಲಿ ಇನ್ನಷ್ಟು ಎಳೆಯುತ್ತಿದ್ದೆ. ಎದೆ ಇನ್ನಷ್ಟು ಬಿಗಿಯುತ್ತಿತ್ತು.

ಗುಂಡ್ಲುಪೇಟೆಯ ಶಾಲಾ ಮೈದಾನದಲ್ಲಿ ಬೆಳಗಿನ ಯೋಗ ಶಿಬಿರ ನಡೆದಾಗ ನಾನೂ ಸೇರಿದೆ. ಹೇಳಿಕೊಡುವ ಮೇಷ್ಟ್ರು ಒಳ್ಳೆಯ ಮನುಷ್ಯ, ನನಗಾಗಿ ಮುಂದಿನ ಸಾಲಿನಲ್ಲಿ ಜಾಗ ಬಿಡಿಸಿಕೊಟ್ಟರು. "ಎಳೀರಿ, ಇನ್ನೂ ಎಳೀರಿ, ಹಿಡೀರಿ" ಎನ್ನುತ್ತಿದ್ದರು. ಅಕ್ಕಪಕ್ಕದವರ ಮುಖ ಅರಳುತ್ತಿತ್ತು, ನನ್ನದು ಬದನೆಕಾಯಿ ಬಣ್ಣಕ್ಕೆ ತಿರುಗುತ್ತಿತ್ತು. ನನಗೆ ಅಭ್ಯಾಸ ಸಾಲದು, ಅಷ್ಟೇ ಎಂದುಕೊಂಡು ಹಲ್ಲು ಕಚ್ಚಿ ಎಳೆದೆ. ಮನೆಯಲ್ಲಿ ಬೇರೆ ಮಾತು ಎದ್ದಿತ್ತು. ಗಂಡ, "ಡಿಪೋದಲ್ಲೇ ಕೂತ್ಕಂಡು ಮಾಡಾ ಕೆಲ್ಸ ಕೇಳ್ಕಬಾರ್ದಾ" ಎಂದ. ಅವನದು ಕಾಳಜಿಯ ಮಾತು, ಒಪ್ಪುತ್ತೇನೆ. ಆದರೆ ಡಿಪೋದ ಕುರ್ಚಿ ಎಂದೊಡನೆ ನನ್ನ ಕಣ್ಣ ಮುಂದೆ ಬಂದದ್ದು ತವರಿನ ಆ ಜಗಲಿ. ಜೀವ ಇರುವ ತನಕ ರಸ್ತೆ ಬಿಡುವುದಿಲ್ಲ ಎಂದು ಎಗರಾಡಿದೆ. ಎಗರಾಡಿದ್ದಕ್ಕೂ ಉಬ್ಬಸ ಬಂತು.

ಅರಿಶಿನ ಬೇಯಿಸುವ ಕಾಲದಲ್ಲೇ ಒಂದು ದಿನ ಚಾಮರಾಜನಗರದಿಂದ ಬರುತ್ತಿದ್ದೆವು. ನನ್ನ ಜೊತೆಗಿದ್ದ ಡ್ರೈವರ್ ಹಂಗಳದವರು, ನನಗಿಂತ ತುಂಬ ಹಿರಿಯರು, ನಾನು ಅಣ್ಣ ಎನ್ನುತ್ತೇನೆ. ತೆರಕಣಾಂಬಿ ದಾಟುತ್ತಿದ್ದಂತೆ ರಸ್ತೆ ಪಕ್ಕದ ಹೊಲದಲ್ಲಿ ಅರಿಶಿನ ಬೇಯುತ್ತಿತ್ತು. ಉರಿಗೆ ಹಾಕಿದ ಒಣ ಸೋಗೆಯ ಹೊಗೆ ದಟ್ಟವಾಗಿ ಬಸ್ಸಿನೊಳಕ್ಕೆ ನುಗ್ಗಿತು. ಹಿಂದಿನ ದಿನವೆಲ್ಲ ನಮ್ಮ ಮನೆಯ ಮುಂದೆ ಪಾಲಿಶ್ ನಡೆದಿತ್ತು, ಬೆಳಗಿನಿಂದಲೇ ಎದೆ ಭಾರ. ಸೀಟಿ ಬಾಯಿಗಿಟ್ಟು ಎಳೆದೆ. ಎಳೆದದ್ದು ಒಳಗೆ ಹೋಯಿತು, ಊದಲು ಹೊರಗೆ ಬರಲಿಲ್ಲ. ಟಿಕೆಟ್ ಮೆಷಿನ್ ಹಿಡಿದುಕೊಂಡೇ ಸೀಟಿನ ಕಂಬಿಗೆ ಒರಗಿದೆ.

ಯಾರೋ ಕೂಗಿದರು, ಅಣ್ಣ ಬಸ್ಸು ನಿಲ್ಲಿಸಿದರು, ನನ್ನನ್ನು ಕೆಳಗಿಳಿಸಿ ಬೇವಿನ ಮರದ ಕೆಳಗೆ ಕೂರಿಸಿದರು. ಬಸ್ಸಿನ ಅರ್ಧ ಜನ ಸುತ್ತ ನಿಂತು ಒಟ್ಟಿಗೆ ಹೇಳತೊಡಗಿದರು.

"ಉಸ್ರು ಎಳ್ಕಳಿ ಮೇಡಂ, ಜೋರಾಗಿ ಎಳ್ಕಳಿ!"

ಎಳೆದುಕೊಂಡೆ. ಬಿಗಿಯಿತು. ಮತ್ತೆ ಎಳೆದುಕೊಂಡೆ. ಆಗ ಅರಿಶಿನ ಬೇಯಿಸುತ್ತಿದ್ದ ಒಬ್ಬ ಅಜ್ಜಿ ಓಡಿ ಬಂದಳು. ಕೈಯಲ್ಲಿ ತುದಿ ಕೆಂಡವಾಗಿ ಹೊಗೆಯಾಡುವ ಅರಿಶಿನದ ಕೊಂಬು. ನಮ್ಮ ಕಡೆ ನೆಗಡಿಯಿಂದ ತಲೆ ಕಟ್ಟಿದರೆ ಕೊಂಬು ಸುಟ್ಟು ಆ ಹೊಗೆಯನ್ನು ಮೂಗಿಗೆ ಎಳೆದುಕೊಳ್ಳುವುದು ವಾಡಿಕೆ. ಅರಿಶಿನ ಬೆಳೆಯುವವರಿಗೆ ಅದರ ಮೇಲೆ ಡಾಕ್ಟರಿಗಿಂತ ನಂಬಿಕೆ. ನನ್ನ ಅತ್ತೆಯೂ ಎಷ್ಟೋ ಸಲ ನನಗೆ ಹಾಗೆ ಹೊಗೆ ಹಿಡಿದಿದ್ದರು.

"ಬೇಸಾಯದ ಅರಿಸ್ನ ಕಣಮ್ಮಿ, ಅಂಗ್ಡೀದಲ್ಲ. ಒಂದೇ ದಮ್ಮಿಗ ಒಳಕ್ಕ ಎಳ್ಕ, ಕಪ ಎಲ್ಲಾ ಕಿತ್ಕಂಡು ಬತ್ತದ" ಎಂದಳು ಅಜ್ಜಿ.

ಬೇಡ ಎನ್ನಲು ಗಾಳಿ ಬೇಕಲ್ಲ. ಆ ಅಜ್ಜಿಯ ಕಣ್ಣಿನಲ್ಲಿದ್ದ ಅಕ್ಕರೆ ನೋಡಿ ಇದ್ದಬದ್ದ ಶಕ್ತಿಯನ್ನೆಲ್ಲ ಒಟ್ಟು ಮಾಡಿ ಎಳೆದುಬಿಟ್ಟೆ. ಒಳಗೆ ಯಾರೋ ಬಾಗಿಲು ಹಾಕಿ ಚಿಲಕ ಜಡಿದಂತಾಯಿತು. ಸಾಯುತ್ತೇನೆ ಎಂದು ಆಗಲೇ ಅನ್ನಿಸಿದ್ದು, ಅದಕ್ಕೂ ಮೊದಲು ಅನ್ನಿಸಿರಲಿಲ್ಲ. ಮಗಳಿಗೆ ಜಡೆ ಹಾಕದೆ ಬಂದಿದ್ದೆ, ಅದೇ ನೆನಪಾಗುತ್ತಿತ್ತು.

"ಬಸ್ ಅತ್ತಿ, ಎಲ್ಲಾರೂ ಅತ್ತಿ!" ಎಂದು ಅಣ್ಣ ಕೂಗಿದ್ದು ಕೇಳಿಸಿತು. ನನ್ನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಸೊಪ್ಪು ಮಾರುವ ಒಬ್ಬಾಕೆ ನನ್ನ ತಲೆಯನ್ನು ತನ್ನ ಭುಜಕ್ಕೆ ಒರಗಿಸಿಕೊಂಡು ಬೆನ್ನು ನೀವುತ್ತಿದ್ದಳು. ಬಸ್ಸು ಹಾರನ್ ಹೊಡೆಯುತ್ತಾ ಓಡಿತು. ನನಗೆ ಮುಂದೆ ನೆನಪಿರುವುದು ಗುಂಡ್ಲುಪೇಟೆ ಆಸ್ಪತ್ರೆಯ ಗೇಟಿನೊಳಗೆ ನಮ್ಮ ಬಸ್ಸು ನಿಂತದ್ದು, ಮುಖಕ್ಕೆ ಮಾಸ್ಕ್ ಹಾಕಿ ಹಬೆಯ ಹಾಗೆ ಔಷಧಿ ಬಿಟ್ಟದ್ದು, ಅದು ಇಷ್ಟಿಷ್ಟೇ ಎದೆಗಿಳಿದದ್ದು. ಅಲ್ಲಿನ ನರ್ಸು ಮಾತ್ರ ಜೋರಾಗಿ ಎಳೆದುಕೋ ಎನ್ನಲಿಲ್ಲ. "ನಿಮಗೆ ಹೇಗೆ ಬರುತ್ತೋ ಹಾಗೇ ಉಸಿರಾಡಿ" ಎಂದಳು. ಆ ಮಾತಿಗೇ ಅರ್ಧ ಸಮಾಧಾನವಾಯಿತು.

ಚೇತರಿಸಿಕೊಂಡ ಮೇಲೆ ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಎದೆರೋಗದ ಡಾಕ್ಟರಮ್ಮ ಒಂದು ಮೆಷಿನ್ನಿಗೆ ಊದಿಸಿ ನೋಡಿದರು. ಮೂಗಿಗೆ ಕ್ಲಿಪ್ ಹಾಕಿ, ಪೂರ್ತಿ ಉಸಿರೆಳೆದು, ಒಂದೇ ಸಮನೆ ಕೊಳವೆಗೆ ಊದಬೇಕು. ಮೂರು ಸಲ ಊದಿದೆ. ಕಂಡಕ್ಟರ್ ಅಲ್ಲವೇ, ಊದುವುದರಲ್ಲಿ ಬಿಟ್ಟುಕೊಡಬಾರದೆಂದು ಪ್ರತಿ ಸಲವೂ ಹಿಂದಿನದಕ್ಕಿಂತ ಗಟ್ಟಿಯಾಗಿ ಊದಿದೆ. ಡಾಕ್ಟರಮ್ಮ ಪರದೆ ನೋಡಿ ಹುಬ್ಬೇರಿಸಿದರು. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ, ಮೂರನೆಯದು ಅದಕ್ಕಿಂತಲೂ ಕಡಿಮೆ. ಎದೆಯಲ್ಲಿ ಆಗಲೇ ಕುಯ್ ಎನ್ನುವ ಸದ್ದು.

"ಸರಿಯಾಗಿ ಎಳೆದುಕೊಳ್ಳಲಿಲ್ಲ ಅಂತ ಕಾಣುತ್ತೆ, ಇನ್ನೊಂದು ಸಲ ಊದಲಾ ಮೇಡಂ?" ಎಂದೆ.

"ಬೇಡ, ಬೇಡ. ನೀವು ಸರಿಯಾಗಿ ಎಳೆದುಕೊಂಡದ್ದಕ್ಕೇ ಹೀಗಾಗ್ತಿರೋದು" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ನನ್ನನ್ನು ಕೂರಿಸಿಕೊಂಡು ಹೇಳಿದರು. ಹಿಂದೆ ಕಾದವರ ಸಾಲು ಬಾಗಿಲಾಚೆಗೂ ಇತ್ತು, ಆದರೂ ಅವಸರ ಮಾಡಲಿಲ್ಲ.

"ಲಂಗಕ್ಕೆ ಲಾಡಿ ಇರುತ್ತಲ್ಲ, ಹಾಗೆ ಉಸಿರಿನ ಕೊಳವೆಗಳ ಸುತ್ತ ಸಣ್ಣ ಸ್ನಾಯು ಇರುತ್ತೆ. ಬೇರೆಯವರು ಆಳವಾಗಿ ಉಸಿರೆಳೆದರೆ ಕೊಳವೆ ಹಿಗ್ಗುತ್ತೆ, ಲಾಡಿ ಸಡಿಲವಾಗುತ್ತೆ, ಸ್ವಲ್ಪ ಹೊತ್ತು ಹಾಗೇ ಇರುತ್ತೆ. ಅದಕ್ಕೇ ಅವರಿಗೆ ಹಾಯೆನಿಸೋದು. ನಿಮ್ಮ ಕೊಳವೆ ಒಳಗೆ ಊದಿಕೊಂಡಿದೆ, ಲಾಡಿಗೆ ಸಿಟ್ಟು ಬಂದಿದೆ. ಎಳೆದಾಗ ಹಿಗ್ಗಿದರೂ ತಕ್ಷಣ ವಾಪಸು ಬಿಗಿಯುತ್ತೆ. ಕೆಲವು ಸಲ ಮೊದಲಿಗಿಂತ ಜಾಸ್ತಿ ಬಿಗಿಯುತ್ತೆ. ಆಸ್ತಮಾ ಇರೋ ಎಲ್ಲರಿಗೂ ಒಂದೇ ಥರ ಅಲ್ಲ, ಆದರೆ ನಿಮಗೆ ಹೀಗಾಗ್ತಿದೆ."

"ಹಾಗಾದರೆ ಇಷ್ಟು ವರ್ಷ ಎಲ್ಲರೂ ನನಗೆ ಹೇಳಿದ್ದು ಸುಳ್ಳಾ?" ಎಂದೆ. ದನಿಯಲ್ಲಿ ಸಿಟ್ಟೇ ಇತ್ತು.

ಡಾಕ್ಟರಮ್ಮ ನಕ್ಕರು. "ಅವರ ಎದೆಗೆ ಅದು ನಿಜ. ತಮಗೆ ಒಳ್ಳೇದಾಗಿದ್ದನ್ನೇ ನಿಮಗೂ ಕೊಟ್ಟರು."

ಈ ಮಾತನ್ನು ನಾನು ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಮೆಲುಕು ಹಾಕಿದೆ. ಯೋಗದ ಮೇಷ್ಟ್ರು, ಕಷಾಯ ಹೇಳಿದವರು, ಬೇವಿನ ಮರದ ಕೆಳಗೆ ನಿಂತು ಕೂಗಿದವರು, ಕೊಂಬು ಹಿಡಿದು ಓಡಿ ಬಂದ ಅಜ್ಜಿ, ಎಲ್ಲರ ಮುಖವೂ ಕಣ್ಣ ಮುಂದೆ ಬಂತು. ಇವರ ಮೇಲೆಲ್ಲ ಉರಿದುಕೊಂಡಿದ್ದೆನಲ್ಲ ಎಂದು ನಗು ಬಂತು. ತಮ್ಮ ಹತ್ತಿರ ಇದ್ದುದರಲ್ಲಿ ಚೆನ್ನಾಗಿರುವುದನ್ನೇ ಆರಿಸಿ ಕೊಟ್ಟಿದ್ದರು, ಪಾಪ.

ಅವತ್ತೇ ಡಾಕ್ಟರಮ್ಮ ದಿನಾ ತೆಗೆದುಕೊಳ್ಳುವ ಇನ್ಹೇಲರ್ ಕೊಟ್ಟಿದ್ದರು, ಎದೆ ಬಿಗಿದಾಗ ಮಾತ್ರ ಬಳಸುವ ಇನ್ನೊಂದನ್ನೂ ಕೊಟ್ಟಿದ್ದರು. ಇನ್ಹೇಲರನ್ನು ಸ್ಪೇಸರ್ ಎನ್ನುವ ಪ್ಲಾಸ್ಟಿಕ್ ಬುರುಡೆಗೆ ಸಿಕ್ಕಿಸಿಕೊಂಡರೆ ದೊಡ್ಡ ಉಸಿರು ಎಳೆಯಲಾಗದ ಹೊತ್ತಿನಲ್ಲೂ ಸಾಮಾನ್ಯ ಉಸಿರಿಗೇ ಔಷಧಿ ಒಳಗೆ ಹೋಗುತ್ತದೆ. ಪ್ರಾಣಾಯಾಮ ಕೆಟ್ಟದ್ದಲ್ಲ, ಆದರೆ ಸದ್ಯಕ್ಕೆ ಎದೆಯುಬ್ಬಿಸುವುದು ಬೇಡ, ಮೂಗಿನಲ್ಲಿ ಸಣ್ಣಗೆ ಒಳಕ್ಕೆ, ನಿಧಾನವಾಗಿ ಹೊರಕ್ಕೆ, ಅದೂ ಔಷಧಿಯ ಜೊತೆಗೇ ಹೊರತು ಔಷಧಿಯ ಬದಲು ಅಲ್ಲ ಎಂದು ಒತ್ತಿ ಹೇಳಿದರು. ರಸ್ತೆಯ ಕೆಲಸದ ವಿಷಯ ನಾನೇ ಕೇಳಿದೆ. ಅವರು ಸುತ್ತಿಬಳಸಲಿಲ್ಲ.

"ಕೆಲವು ತಿಂಗಳು ಔಷಧಿ ತಗೊಂಡು ಬನ್ನಿ, ಮತ್ತೆ ಊದಿಸ್ತೀನಿ. ಆಗಲೂ ಒಂದೊಂದು ಸಲ ಊದಿದಾಗಲೂ ಹೀಗೇ ಇಳಿದರೆ ಬಸ್ಸು ಬಿಟ್ಟು ಒಳಗಿನ ಕೆಲಸ ಹಿಡಿಯೋದೇ ವಾಸಿ."

ಅಲ್ಲಿಯ ತನಕ ಡಿಪೋದಲ್ಲಿ ವಿದ್ಯಾರ್ಥಿ ಪಾಸಿನ ಕಿಟಕಿಯ ಹಿಂದೆ ಕೂತೆ. ಜಗಲಿಯೇ, ಸಂದೇಹವಿಲ್ಲ. ಬಸ್ಸು ಹೊರಡುವ ಸದ್ದು ಕೇಳಿದಾಗಲೆಲ್ಲ ಪಾಸು ಬರೆಯುವುದು ಬಿಟ್ಟು ಕತ್ತು ಚಾಚುತ್ತಿದ್ದೆ. ಡ್ರೈವರಣ್ಣ ದಿನವೂ ಕಿಟಕಿಗೆ ಬಂದು ರಸ್ತೆಯ ಸುದ್ದಿ ಒಪ್ಪಿಸುತ್ತಿದ್ದರು. ಎಲ್ಲಿ ಟಾರು ಹಾಕಿದರು, ಎಲ್ಲಿ ಚೆಂಡು ಹೂ ಕೊಯ್ಲಿಗೆ ಬಂತು, ಯಾರು ಯಾರ ಜೊತೆ ಸೀಟಿಗೆ ಜಗಳವಾಡಿದರು.

"ನಿನ್ ಜಾಗಕ್ಕ ಬಂದವ್ನಲ್ಲ, ಅವ್ನು ಸೀಟಿ ಊದುದ್ರ ನನ್ ಕಿವಿ ತೂತಾಯ್ತದ ಕಣವ್ವ. ಬಿರ್ನ ವಾಸಿ ಮಾಡ್ಕಂಡು ಬಾ" ಎನ್ನುವರು. ಅದು ನನ್ನನ್ನು ನಗಿಸಲು ಎಂದು ಗೊತ್ತಿತ್ತು. ಆದರೂ ಅವರು ಬಾರದ ದಿನ ಬೇಸರವಾಗುತ್ತಿತ್ತು.

ಮನೆಯಲ್ಲಿ ಅತ್ತೆಗೆ ಮೊದಮೊದಲು ಸ್ಪೇಸರ್ ಕಂಡರೆ ತಮಾಷೆ. "ಸೀಸೆಯೊಳಕ ಮೂತಿ ಇಟ್ಕಂಡು ಏನ್ ಹುಡುಕ್ತಿದ್ದೀ ಅಮ್ಮಿ" ಎನ್ನುತ್ತಿದ್ದರು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ, ಅರಿಶಿನದ ಹೊಗೆಯ ವಿಷಯ ಸೇರಿಸಿ, ಒಂದು ಬೆಳಿಗ್ಗೆ ಅವರಿಗೆ ಬಿಡಿಸಿ ಹೇಳಿದೆ. ಅವರು ಹುರುಳಿ ಕೇರುತ್ತಿದ್ದರು. ಮೊರ ಕೆಳಗಿಟ್ಟರು.

"ನಾನೇ ನಿಂಗ ಹೊಗೆ ಹಿಡ್ದು ಎಳ್ಕ ಎಳ್ಕ ಅಂತಿದ್ನಲ್ಲಾ. ನಿನ್ನ ಸಾಯ್ಸಾಕ ನೋಡ್ಬುಟ್ನಲ್ಲಾ" ಎಂದರು.

"ಬದುಕಿಸೋಕೆ ನೋಡಿದ್ದು ಅತ್ತೆ, ಬದುಕಿಸೋಕೆ" ಎಂದೆ. ಆ ಮಾತು ಬಾಯಿಗೆ ಬಂದದ್ದು ಡಾಕ್ಟರಮ್ಮನಿಂದ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಹೋದರು. ಆ ವರ್ಷ ಪಾಲಿಶ್ ಡ್ರಮ್ಮು ಮನೆಯ ಮುಂದೆ ಬರಲಿಲ್ಲ, ದೂರದ ಹೊಲದ ಕಣದಲ್ಲೇ ತಿರುಗಿತು. ಗಂಡನಿಗೆ ಹೇಳಿ ಮಾಡಿಸಿದ್ದು ಅತ್ತೆಯೇ. ನಾನು ಇನ್ಹೇಲರ್ ಹಿಡಿದಾಗ ಪಕ್ಕದಲ್ಲಿ ಬಂದು ಕೂತು, "ಮೆಲ್ಲಕ ಕಣಮ್ಮಿ, ಅವಸ್ರ ಏನದ, ಮೆಲ್ಲಕ" ಎನ್ನುವುದು ಅವರ ಬೆಳಗಿನ ಕೆಲಸವಾಯಿತು. ಇಂಥ ಅತ್ತೆ ನನಗೆ ಸಿಕ್ಕದ್ದು ನನ್ನ ಪುಣ್ಯ. ಎದುರಿಗೆ ಹೇಳಿದರೆ ಬೈಯುತ್ತಾರೆ, ಅದಕ್ಕೇ ಇಲ್ಲಿ ಬರೆದಿದ್ದೇನೆ.

ತಿಂಗಳುಗಳು ಕಳೆದ ಮೇಲೆ ಮತ್ತೆ ಚಾಮರಾಜನಗರಕ್ಕೆ ಹೋದೆ. ಮೂಗಿಗೆ ಅದೇ ಕ್ಲಿಪ್, ಅದೇ ಕೊಳವೆ. ಮೊದಲನೆಯದು ಊದಿದೆ. ಎರಡನೆಯದು ಊದಿದೆ. ಮೂರನೆಯದಕ್ಕೆ ಉಸಿರೆಳೆದುಕೊಳ್ಳುವಾಗ ಇದು ಒಳಗೆ ಹೋಗಿ ನನ್ನನ್ನು ಜಗಲಿಗೆ ಕಳಿಸುತ್ತೋ ರಸ್ತೆಗೆ ಬಿಡುತ್ತೋ ಎಂದು ಕಣ್ಣು ಮುಚ್ಚಿಕೊಂಡೆ. ಊದಿ ಮುಗಿಸಿ ಕಣ್ಣು ಬಿಟ್ಟಾಗ ಡಾಕ್ಟರಮ್ಮ ಪರದೆಯನ್ನು ನನ್ನ ಕಡೆಗೆ ತಿರುಗಿಸಿದ್ದರು. ಮೂರೂ ಹೆಚ್ಚುಕಡಿಮೆ ಒಂದೇ ಸಮ. ಹಿಂದಿನ ಸಲ ಬಂದಾಗಿನದಕ್ಕೆ ಹೋಲಿಸಿದರೆ ಎಲ್ಲವೂ ಎಷ್ಟೋ ಮೇಲೆ.

"ಊತ ಇಳಿದಿದೆ. ಈಗ ಆಳವಾದ ಉಸಿರು ನಿಮಗೂ ಸ್ವಲ್ಪ ಕೆಲಸ ಮಾಡ್ತಿದೆ. ಔಷಧಿ ಬಿಡಬೇಡಿ, ಹೊಗೆಗೆ ಹೋಗಬೇಡಿ. ಬಸ್ಸಿಗೆ ಹೋಗಿ" ಎಂದರು. ಅವರ ಕೈ ಹಿಡಿದುಕೊಂಡೆ, ಏನು ಹೇಳಿದೆನೋ ನೆನಪಿಲ್ಲ. ಥ್ಯಾಂಕ್ಸ್ ಎನ್ನುವುದನ್ನು ಮಾತ್ರ ಹೇಳಲಿಲ್ಲ ಎಂದು ಮೆಟ್ಟಿಲಿಳಿದ ಮೇಲೆ ಹೊಳೆಯಿತು. ಮತ್ತೆ ಹತ್ತಿ ಹೋಗಿ ಹೇಳಿ ಬಂದೆ.

ರಸ್ತೆಗೆ ವಾಪಸು ಬಂದ ದಿನ ಬಸ್ಸು ಎಂದಿನ ಹಾಗೆ ತುಂಬಿತ್ತು. ಸೊಪ್ಪಿನಾಕೆ ಮುಂದೆಯೇ ಕೂತಿದ್ದಳು. ನನ್ನನ್ನು ಕಂಡು ಸೊಪ್ಪಿನ ಕುಕ್ಕೆ ಬಿಟ್ಟೆದ್ದು ಕೆನ್ನೆ ಸವರಿದಳು. ತೆರಕಣಾಂಬಿ ದಾಟಿತು. ಸ್ವಲ್ಪ ದೂರ ಹೋದ ಮೇಲೆ ಆಕೆ, "ನಮ್ಮೂರ್ ಬಂತು, ಇವತ್ತಾದ್ರೂ ನಿಲ್ಸ್‌ತೀಯಾ" ಎಂದು ನಕ್ಕಳು. ಸುತ್ತ ಕೂತವರೂ ನಕ್ಕರು. ನನಗೆ ತಿಳಿಯಲಿಲ್ಲ.

"ಅವತ್ತು ನಿನ್ನ ಆಸ್ಪತ್ರೆಗ ಓಡುಸ್ಕಂಡು ಓದ್ವಲ್ಲ, ಯಾರೂ ಇಳೀನೇ ಇಲ್ಲ ಕಣಕ್ಕ. ನಮ್ಮೂರೂ ದಾಟೋಯ್ತು, ಇವ್ರ ಊರೂ ದಾಟೋಯ್ತು" ಎಂದಳು.

ಗುಂಡ್ಲುಪೇಟೆಗೆ ಬೇಗ ತಲುಪಿದೆವು ಎಂದಷ್ಟೇ ನನ್ನ ತಲೆಯಲ್ಲಿತ್ತು. ದಾರಿಯ ಸ್ಟಾಪುಗಳು ಏನಾದವು ಎಂದು ನನಗೆ ಹೊಳೆದೇ ಇರಲಿಲ್ಲ, ಕಂಡಕ್ಟರ್ ಆಗಿದ್ದೂ. ಅಷ್ಟು ಊರುಗಳ ಜನ ತಮ್ಮ ಊರು ಕಿಟಕಿಯಾಚೆ ಹಿಂದಕ್ಕೆ ಹೋಗುವುದನ್ನು ನೋಡುತ್ತಾ ಕೂತಿದ್ದರು. ಒಬ್ಬರೂ ಹೋಲ್ಡಾನ್ ಎಂದು ಕೂಗಲಿಲ್ಲ. ಒಬ್ಬೊಬ್ಬರಾಗಿ ಈಗ ಹೇಳತೊಡಗಿದರು. ಹೆಣ್ಣು ನೋಡಲು ಹೊರಟಿದ್ದವರು ತಡವಾಗಿ ತಲುಪುವಷ್ಟರಲ್ಲಿ ಹೆಣ್ಣಿನ ಕಡೆಯವರು ಉಂಡು ಎದ್ದಿದ್ದರಂತೆ. ಅದಕ್ಕೆ ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ.

"ಗೌಡ್ರುದೂ ಹೇಳಿ" ಎಂದು ಯಾರೋ ಅಂದರು. ಕಿಟಕಿಯ ಪಕ್ಕ ಕೂತಿದ್ದ ವಯಸ್ಸಾದವರೊಬ್ಬರು ಬೇಡ ಎನ್ನುವಂತೆ ಕೈಯಾಡಿಸಿದರು. ಸೊಪ್ಪಿನಾಕೆ ದನಿ ತಗ್ಗಿಸಿ ನನಗೆ ಹೇಳಿದಳು. ಅವರು ಅವತ್ತು ಅಕ್ಕನ ಮಣ್ಣಿಗೆ ಹೊರಟಿದ್ದರು. ಅವರು ಇಳಿಯಬೇಕಿದ್ದ ಊರನ್ನೂ ಬಸ್ಸು ದಾಟಿಬಿಟ್ಟಿತು. ಗುಂಡ್ಲುಪೇಟೆಯಿಂದ ಇನ್ನೊಂದು ಬಸ್ಸು ಹಿಡಿದು ವಾಪಸು ಹೋಗುವ ಹೊತ್ತಿಗೆ ಮಣ್ಣು ಮಾಡಿ ಮುಗಿದಿತ್ತು. ಒಡಹುಟ್ಟಿದವಳ ಮುಖ ನೋಡಲು ಸಿಗಲಿಲ್ಲ.

ನಾನು ಅವರ ಹತ್ತಿರ ಹೋದೆ. "ಒಂದು ಮಾತು ಕೂಗಬಾರದಿತ್ತಾ ಯಜಮಾನ್ರೇ, ಒಂದು ಗಳಿಗೆ ನಿಲ್ಲಿಸಿದ್ದರೆ ನನಗೇನೂ ಆಗುತ್ತಿರಲಿಲ್ಲ" ಎಂದೆ. ಆಗುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

ಅವರು ನನ್ನ ಮುಖ ನೋಡದೆ ಹೊಲದ ಕಡೆ ನೋಡುತ್ತಲೇ ಹೇಳಿದರು: "ಅವ್ಳು ಓಗಾಗಿತ್ತು ಕಣವ್ವ. ನೀ ಇನ್ನೂ ಇದ್ದೆ."

ಚಿಕ್ಕಂದಿನಿಂದ ನನಗೆ ಅಳುವುದೆಂದರೆ ಭಯ. ಬಿಕ್ಕಿದರೆ ಉಸಿರು ಒಮ್ಮೆಲೇ ಒಳಕ್ಕೆ ನುಗ್ಗಿ ಎದೆ ಹಿಡಿಯುತ್ತಿತ್ತು, ಅದಕ್ಕೇ ಅಪ್ಪ ಹೋದಾಗಲೂ ತುಟಿ ಕಚ್ಚಿಕೊಂಡೇ ಇದ್ದವಳು ನಾನು. ಅವತ್ತು ಆ ತುಂಬಿದ ಬಸ್ಸಿನಲ್ಲಿ, ಯಜಮಾನರ ಸೀಟಿನ ಕಂಬಿ ಹಿಡಿದುಕೊಂಡು, ಬಿಕ್ಕಿ ಬಿಕ್ಕಿ ಅತ್ತೆ. ಅಣ್ಣ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ ಕಾದರು, ಯಾರೂ ಅವಸರ ಮಾಡಲಿಲ್ಲ. ಸಾಕಾಗುವಷ್ಟೂ ಅತ್ತೆ. ಎದೆ ಹಿಡಿಯಲಿಲ್ಲ.